ಸಣ್ಣ ಅಂಗಡಿಗೆ ಮೊದಲ ಲೇಸರ್ ಮಶೀನ್: ಡಯೋಡ್ ಸಾಕಾ, ಫೈಬರ್‌ಗೇ ಹೋಗಬೇಕಾ?

ದಾವಣಗೆರೆ_ಡಿಟಿಪಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ರಬ್ಬರ್ ಸ್ಟಾಂಪ್, ಲ್ಯಾಮಿನೇಶನ್, ಮಗ್ ಪ್ರಿಂಟಿಂಗ್ ಮಾಡ್ತೀವಿ. ನಾನು, ನಮ್ಮ ಮನೆಯವರು ಇಬ್ಬರೇ ಕೆಲಸದವರು. ಈಚೆಗೆ ಗಿರಾಕಿಗಳು ಮರದ ನೇಮ್ ಪ್ಲೇಟ್, ಕೀ ಚೈನ್, ನೀರಿನ ಬಾಟಲಿ ಮೇಲೆ ಹೆಸರು, ಗೃಹಪ್ರವೇಶಕ್ಕೆ ಹಂಚೋ ಸ್ಟೀಲ್ ಡಬ್ಬಿ ಮೇಲೆ ಹೆಸರು, ಹೀಗೆ ಒಂದೊಂದೇ ಕೇಳ್ತಾ ಇದ್ದಾರೆ. ಬಂದ ಗಿರಾಕೀನ ವಾಪಸ್ ಕಳಿಸೋಕೆ ಮನಸ್ಸು ಬರಲ್ಲ.

ಅದಕ್ಕೇ ಹೆಸರು, ಚಿತ್ರ ಕೆತ್ತೋ ಲೇಸರ್ ಮಶೀನ್ ತಗೊಳ್ಳೋಣ ಅಂತಿದೀವಿ, ಬಜೆಟ್ ಒಂದು ಲಕ್ಷದ ಒಳಗೆ. ಆನ್‌ಲೈನಲ್ಲಿ "40 ವ್ಯಾಟ್ ಲೇಸರ್" ಅಂತ 25 ಸಾವಿರಕ್ಕೂ ಇದೆ, ಅದೇ 40 ವ್ಯಾಟ್ ಒಂದು ಲಕ್ಷದ ಹತ್ತಿರಕ್ಕೂ ಇದೆ. ಯಾಕಿಷ್ಟು ವ್ಯತ್ಯಾಸ? ಎಲ್ಲ ಕೆಲಸಕ್ಕೂ ಆಗೋ ಒಂದೇ ಮಶೀನ್ ಹೇಳಿ. ಕೋರಲ್ ಡ್ರಾ ನನಗೆ ಚೆನ್ನಾಗಿ ಗೊತ್ತು, ಮಶೀನ್ ವಿಚಾರ ಏನೂ ಗೊತ್ತಿಲ್ಲ.

ಪೀಣ್ಯ_ಹಳಬ

ಎಲ್ಲ ಕೆಲಸಕ್ಕೂ ಆಗೋ ಮಶೀನ್ ಇಲ್ಲ ಮೇಡಂ. ಇದೆ ಅಂತ ಯಾರಾದ್ರೂ ಹೇಳಿದ್ರೆ ಅವರು ಮಾರೋರೇ ಆಗಿರ್ತಾರೆ.

ಮೊದಲು ವ್ಯಾಟ್ ವಿಚಾರ. 25 ಸಾವಿರದ ಮಶೀನ್ ಮೇಲೆ ಬರೆದಿರೋ 40 ವ್ಯಾಟ್ ಅದು ಪ್ಲಗ್ಗಿಂದ ಎಳೆಯೋ ಕರೆಂಟು. ಲೆನ್ಸಿಂದ ಹೊರಗೆ ಬರೋ ಬೆಳಕು ಐದು ವ್ಯಾಟ್ ಇದ್ರೆ ಹೆಚ್ಚು. ಬೆಳಕು ಹುಟ್ಟಿಸೋ ಒಂದು ನೀಲಿ ಡಯೋಡ್ (ಸಣ್ಣ ಚಿಪ್) ಕೊಡೋದೇ ಸುಮಾರು ಐದು-ಐದೂವರೆ ವ್ಯಾಟ್. ನಿಜವಾದ 10 ವ್ಯಾಟ್ ಹೆಡ್ಡಲ್ಲಿ ಎರಡು ಡಯೋಡ್ ಸೇರಿಸಿರ್ತಾರೆ, 20 ವ್ಯಾಟಲ್ಲಿ ನಾಲ್ಕು, 40 ವ್ಯಾಟಲ್ಲಿ ಎಂಟು. ರೇಟು ಏರೋದು ಅದಕ್ಕೇ. "ಆಪ್ಟಿಕಲ್ ಔಟ್‌ಪುಟ್ ಎಷ್ಟು" ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

ಆದ್ರೆ ವ್ಯಾಟ್‌ಗಿಂತ ಮುಂಚೆ ನೋಡಬೇಕಾದ್ದು ತರಂಗಾಂತರ. ಯಾವ ವಸ್ತು ಯಾವ ಬೆಳಕನ್ನ ಹೀರಿಕೊಳ್ಳುತ್ತೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ಈ ಕೆಲಸಕ್ಕೆ ಸಿಗೋ ಲೇಸರಲ್ಲಿ ಮುಖ್ಯವಾಗಿ ಮೂರು ಜಾತಿ.

ಡಯೋಡ್ ಅಂದ್ರೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಮರ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಚರ್ಮ, ರಟ್ಟು, ಕಪ್ಪು ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಮೇಲೆ ಕೆಲಸ ಮಾಡುತ್ತೆ. ಬಣ್ಣ ಲೇಪಿಸಿದ ಬಾಟಲಿಯ ಮೇಲಿನ ಬಣ್ಣ ಸುಟ್ಟು ಕೆಳಗಿನ ಸ್ಟೀಲ್ ಕಾಣಿಸುತ್ತೆ. ಪಾರದರ್ಶಕ ಅಕ್ರಿಲಿಕ್‌ನಲ್ಲಿ ಮಾತ್ರ ಕಿಟಕಿ ಗಾಜಲ್ಲಿ ಬಿಸಿಲು ದಾಟಿದ ಹಾಗೆ ಸುಮ್ಮನೆ ದಾಟಿ ಹೋಗುತ್ತೆ. ನೂರು ವ್ಯಾಟ್ ಹಾಕಿದ್ರೂ ಅಷ್ಟೇ.

ಸಿಒಟು ಅಂದ್ರೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿದ ಟ್ಯೂಬಿನ ಲೇಸರ್, 10,600 ನ್ಯಾನೋಮೀಟರ್. ಅಕ್ರಿಲಿಕ್ ಕತ್ತರಿಸೋಕೆ, ಗಾಜಿನ ಮೇಲೆ ಕೆತ್ತೋಕೆ, ರಬ್ಬರ್ ಸ್ಟಾಂಪಿಗೆ ಇದೇ ರಾಜ. ಬರಿ ಲೋಹಕ್ಕೆ ಆಗಲ್ಲ.

ಫೈಬರ್ ಅಂದ್ರೆ ಗಾಜಿನ ಎಳೆಯೊಳಗೆ ಹುಟ್ಟೋ 1064 ನ್ಯಾನೋಮೀಟರ್ ಬೆಳಕು. ಇದು ಲೋಹಕ್ಕೆ: ಸ್ಟೀಲ್, ಹಿತ್ತಾಳೆ, ಅಲ್ಯುಮಿನಿಯಂ, ಬೆಳ್ಳಿ, ಚಿನ್ನ. ಮರಕ್ಕೂ ಪಾರದರ್ಶಕ ಅಕ್ರಿಲಿಕ್‌ಗೂ ಇದನ್ನ ನಂಬಬೇಡಿ.

ಈಗ ನೀವು ಹೇಳಿ, ಹತ್ತು ಗಿರಾಕಿ ಬಂದ್ರೆ ಎಷ್ಟು ಜನ ಮರ ಕೇಳ್ತಾರೆ, ಎಷ್ಟು ಜನ ಸ್ಟೀಲ್?

ಕರಾವಳಿ_ಕೆತ್ತನೆ

ಪೀಣ್ಯದವರು ಹೇಳಿದ್ದು ಸರಿ. ಆದರೂ ನನ್ನ ಮಾತು: 10 ವ್ಯಾಟಿನ ಡಯೋಡ್ ತಗೊಂಡು ಶುರು ಮಾಡಿ. ಉಡುಪಿಯಲ್ಲಿ ನಮ್ಮದು ಮನೆಯಲ್ಲೇ ಕೆಲಸ. ನೇಮ್ ಪ್ಲೇಟ್, ಸಾಗುವಾನಿ ಹಲಗೆ ಮೇಲೆ ಮನೆ ಹೆಸರು, ರಬ್ಬರ್ ಮರದ ತರಕಾರಿ ಹಲಗೆ, ಇಷ್ಟರಲ್ಲೇ ಮಶೀನಿನ ದುಡ್ಡು ಹುಟ್ಟಿದೆ. ಮೂರು ಮಿಲಿಮೀಟರ್ ಪ್ಲೈ ಆರಾಮಾಗಿ ಕತ್ತರಿಸುತ್ತೆ, ಏರ್ ಅಸಿಸ್ಟ್ (ಕತ್ತರಿಸುವ ಜಾಗಕ್ಕೆ ಗಾಳಿ ಊದುವ ಪಂಪು) ಇದ್ದರೆ. ಅದಿಲ್ಲದೆ ಅಂಚೆಲ್ಲ ಮಸಿ.

ಒಂದು ಮಾತು ನೆನಪಿಡಿ: ಪ್ಲೈ ಅಂದರೆ ಎಲ್ಲ ಪ್ಲೈ ಅಲ್ಲ. ಹಾರ್ಡ್‌ವೇರ್ ಅಂಗಡಿಯ ವಾಟರ್‌ಪ್ರೂಫ್ ಪ್ಲೈನಲ್ಲಿರುವ ಅಂಟು ಲೇಸರಿಗೆ ಕಲ್ಲಿದ್ದ ಹಾಗೆ. ಅಂಟು ದಪ್ಪ ಇರುವ ಕಡೆ ಕತ್ತರಿಸುವುದೇ ಇಲ್ಲ, ಪಕ್ಕದಲ್ಲಿ ದಾಟಿ ಹೋಗಿರುತ್ತದೆ. ಒಂದೇ ಹಲಗೆಯಲ್ಲಿ ಅರ್ಧ ಬಿದ್ದು ಅರ್ಧ ಉಳಿಯುತ್ತದೆ. ಲೇಸರಿಗೆ ಅಂತಲೇ ಬರುವ ಬರ್ಚ್ ಅಥವಾ ಬಾಸ್‌ವುಡ್ ಪ್ಲೈ ತರಿಸಿ, ಇಲ್ಲ ಸಾದಾ ಎಂಡಿಎಫ್ ಹಾಕಿ.

ದಾವಣಗೆರೆ_ಡಿಟಿಪಿ

ಸರ್, ಹತ್ತರಲ್ಲಿ ಏಳು ಜನ ಕೇಳೋದು ಸ್ಟೀಲೇ. ಡಬ್ಬಿ, ತಟ್ಟೆ, ಲೋಟ, ಬಾಟಲಿ. ಮದುವೆ, ಗೃಹಪ್ರವೇಶ, ಸೀಮಂತಕ್ಕೆ ಕೊಡೋ ಉಡುಗೊರೆಗಳು. ಉಳಿದ ಮೂರು ಮರದ ನೇಮ್ ಪ್ಲೇಟ್. ಅಕ್ರಿಲಿಕ್ ಕೇಳೋರು ಅಪರೂಪ. ರಬ್ಬರ್ ಸ್ಟಾಂಪಿಗೆ ನಮ್ಮ ಹತ್ರ ಬೇರೆ ಮಶೀನ್ ಇದೆ.

ಪೀಣ್ಯ_ಹಳಬ

ಹಾಗಾದ್ರೆ ಸಿಒಟು ಪಟ್ಟಿಯಿಂದ ಹೋಯ್ತು. ಡಯೋಡೋ ಫೈಬರೋ ಅನ್ನೋದಷ್ಟೇ ಈಗ ಪ್ರಶ್ನೆ.

ಹುಬ್ಬಳ್ಳಿ_ಟ್ರೋಫಿ

ಲೆಕ್ಕಾ ಹಾಕಿ ನೋಡ್ರಿ ಅಕ್ಕಾರ. ಡಯೋಡ್ ಮಶೀನಿನ ಹೆಡ್ಡು ಬೆಲ್ಟಿನ ಮ್ಯಾಲೆ ಓಡಾಡ್ತದ. ನೂರು ಮಿಲಿಮೀಟರ್ ಉದ್ದ, ನೂರು ಅಗಲದ ಒಂದು ಫೋಟೋ ಕೆತ್ತಬೇಕಂದ್ರ, ಗೆರೆಯಿಂದ ಗೆರೆಗೆ 0.1 ಮಿಲಿಮೀಟರ್ ಬಿಟ್ಟರ ಸಾವಿರ ಗೆರಿ. ಸಾವಿರ ಗೆರಿ ಅಂದ್ರ ಒಂದು ಲಕ್ಷ ಮಿಲಿಮೀಟರ್ ಓಟ. ನಿಮಿಷಕ್ಕ ಆರು ಸಾವಿರ ಮಿಲಿಮೀಟರ್ ಸ್ಪೀಡ್ ಇಟ್ರ ಹದಿನೇಳು ನಿಮಿಷ, ಮ್ಯಾಲೆ ಪ್ರತಿ ಗೆರಿ ತುದಿಗೆ ತಿರುಗೂ ಹೊತ್ತು ಬ್ಯಾರೆ. ತಾಸಿಗೆ ಮೂರು ಪೀಸ್ ಆದ್ರ ಪುಣ್ಯ.

ಫೈಬರ್‌ನ್ಯಾಗ ಹೆಡ್ಡು ಓಡೂದಿಲ್ಲ. ಎರಡು ಸಣ್ಣ ಕನ್ನಡಿ ತಿರುಗಿ ಬೆಳಕನ್ನ ಓಡಸ್ತಾವ. ಗ್ಯಾಲ್ವೋ ಅಂತಾರ. ಡಬ್ಬಿ ಮ್ಯಾಲೆ 40 ಮಿಲಿಮೀಟರ್ ಉದ್ದ, 10 ಎತ್ತರದ ಹೆಸರು ಇಟ್ಕೋರಿ. ಗೆರೆ ನಡು 0.05 ಬಿಟ್ರೂ ಇನ್ನೂರು ಗೆರಿ, ಎಂಟು ಸಾವಿರ ಮಿಲಿಮೀಟರ್. ಸೆಕೆಂಡಿಗೆ 800 ಮಿಲಿಮೀಟರ್ ಹಾಕಿದ್ರ ಹತ್ತು ಸೆಕೆಂಡಿನ ಕೆಲಸ. ಡಬ್ಬಿ ಇಡೂದು ತಗಿಯೂದೇ ಅದಕ್ಕಿಂತ ಹೆಚ್ಚು ಹೊತ್ತು. ಮದುವಿ ಆರ್ಡರ್ ಅಂದ್ರ ಇನ್ನೂರು ಮುನ್ನೂರು ಪೀಸ್ ಇರ್ತದ, ನಾಳಿಗೇ ಬೇಕು ಅಂತಾರ. ಡಯೋಡ್ ಇಟ್ಕೊಂಡು ಆ ಆರ್ಡರ್ ಹಿಡಿಯಾಕ ಆಗಂಗಿಲ್ಲ.

ಮೈಸೂರು_ಮರ

ಡಯೋಡಲ್ಲೂ ಬರಿ ಸ್ಟೀಲ್ ಮೇಲೆ ಗುರುತು ಬರುತ್ತಲ್ಲ? ಯೂಟ್ಯೂಬಲ್ಲಿ ಎಷ್ಟೋ ವಿಡಿಯೋ ಇದೆ. ಸ್ಪ್ರೇ ಹೊಡೆದು ಮಾಡ್ತಾರೆ.

ಹುಬ್ಬಳ್ಳಿ_ಟ್ರೋಫಿ

ಬರ್ತದ್ರಿ. ಮಾರ್ಕಿಂಗ್ ಸ್ಪ್ರೇ ಹೊಡಿಬೇಕು, ಒಣಗಿಸಬೇಕು, ನಿಧಾನಕ್ಕ ಸುಡಬೇಕು, ಆಮ್ಯಾಲೆ ತೊಳಿಬೇಕು. ಒಂದು ಲೋಟಕ್ಕ ಮಾಡಿದ್ರ ಚಂದ. ಇನ್ನೂರು ಲೋಟಕ್ಕ ಸ್ಪ್ರೇ ಡಬ್ಬಿ ರೊಕ್ಕನ ಲಾಭ ನುಂಗ್ತದ. ವಿಡಿಯೋದಾಗ ಒಂದೇ ಲೋಟ ತೋರಸ್ತಾರ, ಅದನ್ನೂ ನೋಡ್ರಿ.

ಮೈಸೂರು_ಮರ

ಒಪ್ಪಿದೆ. ಆದ್ರೆ ಇನ್ನೊಂದು ತಕರಾರು. ಪಾತ್ರೆ ಅಂಗಡಿಯವರು ಎಲೆಕ್ಟ್ರಿಕ್ ಪೆನ್ನಲ್ಲಿ ಟರ್ರ್ ಅಂತ ಹೆಸರು ಬರೆದುಕೊಡ್ತಾರೆ, ಪಾತ್ರೆ ಅಲ್ಲೇ ಕೊಂಡ್ರೆ ಎಷ್ಟೋ ಕಡೆ ಪುಕ್ಕಟೆ. ಒಂದೂವರೆ ಲಕ್ಷ ಹಾಕಿ ಫೈಬರ್ ತಂದು ಅದೇ ಹೆಸರು ಬರೆದ್ರೆ ಯಾರು ದುಡ್ಡು ಕೊಡ್ತಾರೆ? ನಿಮ್ಮ ಬಂಡವಾಳ ಇರೋದು ಡಿಸೈನಲ್ಲಿ. ಗಣಪತಿ ಚಿತ್ರ, ಮನೆಯ ಹೆಸರು, ತಾರೀಖು, ವಧೂವರರ ಹೆಸರು ಲಗ್ನಪತ್ರಿಕೆಯಲ್ಲಿರೋ ಅದೇ ಅಕ್ಷರದಲ್ಲಿ ಡಬ್ಬಿ ಮೇಲೂ ಬರಬೇಕು. ಲಗ್ನಪತ್ರಿಕೆ ಹಾಕಿಸೋಕೆ ಬಂದವರಿಗೇ ಅದನ್ನ ತೋರಿಸಿ. ಗಿರಾಕಿ ಈಗಾಗಲೇ ನಿಮ್ಮ ಕುರ್ಚಿ ಮೇಲೆ ಕೂತಿದ್ದಾರೆ. ಆ ಅನುಕೂಲ ನಮ್ಮಂಥ ಮರದ ಕೆಲಸದವರಿಗಿಲ್ಲ.

ಬೀಟೆ ಮೇಲೆ ಡಯೋಡ್ ಹಾಕೋರಿಗೆ ಒಂದು ಸೂಚನೆ. ಮರವೇ ಕಪ್ಪು, ಸುಟ್ಟದ್ದೂ ಕಪ್ಪು, ಏನೂ ಕಾಣಲ್ಲ. ಚನ್ನಪಟ್ಟಣದ ಬೊಂಬೆಗೆ ಬಳಸೋ ಆಲೆ ಮರದಂಥ ಬಿಳಿ ಮರದಲ್ಲಿ ಮಾತ್ರ ಚಿತ್ರ ಎದ್ದು ಬರೋದು. ಇದು ಕೇಳಿದವರ ಪ್ರಶ್ನೆಗೆ ಸಂಬಂಧ ಇಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.

ಕಲಬುರಗಿ_ಅಕ್ರಿಲಿಕ್

ಸಿಒಟು ಪಟ್ಟಿಯಿಂದ ತೆಗೆದದ್ದು ಒಳ್ಳೇದಾಯ್ತು, ಆದ್ರ ಇಲ್ಲಿ ಓದೋ ಬೇರೆಯವರಿಗಾಗಿ ಬರೀತೀನಿ. ಕೆ40 ಅಂತ ನೀಲಿ-ಬಿಳಿ ಡಬ್ಬಿ ಮಶೀನ್ ಬರ್ತದ, 300 ಗುಣಿಸು 200 ಮಿಲಿಮೀಟರ್ ಹಾಸು. ಅಗ್ಗ ಅಂತ ಎಲ್ಲರೂ ಅದಕ್ಕ ಬೀಳ್ತಾರ. ಗಾಜಿನ ಟ್ಯೂಬಿಗೆ ಸದಾ ನೀರು ಹರೀತಾ ಇರಬೇಕು, ಆ ನೀರು 25 ಡಿಗ್ರಿ ಮೀರಬಾರದು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಾಗ ನಳದ ನೀರೇ ಅದಕ್ಕಿಂತ ಬಿಸಿ ಇರ್ತದ. ಮಾರೋರು "ಚಿಲ್ಲರ್ (ನೀರು ತಣಿಸೋ ಯಂತ್ರ) ಸಹಿತ" ಅಂತ ಸಿಡಬ್ಲ್ಯೂ-3000 ಕೊಡ್ತಾರ. ಅದು ಚಿಲ್ಲರ್ ಅಲ್ಲ, ರೇಡಿಯೇಟರಿಗೆ ಫ್ಯಾನ್ ಹಚ್ಚಿದ್ದು. ಹೊರಗ 40 ಡಿಗ್ರಿ ಇದ್ರ ನೀರೂ 40ರ ಕೆಳಗ ಇಳಿಯೋದಿಲ್ಲ. ಕಂಪ್ರೆಸರ್ ಇರೋದು ಸಿಡಬ್ಲ್ಯೂ-5000, 5200. ಅದರ ರೇಟು ಸೇರಿಸಿ ಲೆಕ್ಕ ಹಾಕ್ರಿ, ಅಗ್ಗದ ಮಶೀನ್ ಅಗ್ಗ ಉಳಿಯೋದಿಲ್ಲ.

ಇನ್ನೊಂದು ಅರ್ಥಿಂಗ್. ಆ ಟ್ಯೂಬಿಗೆ ಹೋಗೋದು ಹತ್ತು ಸಾವಿರ ದಾಟಿದ ವೋಲ್ಟ್. ಎರಡು ಪಿನ್ನಿನ ಪ್ಲಗ್ಗಿಗೆ ಹಚ್ಚಿ ಕೂತವರನ್ನ ನೋಡಿದ್ರ ಎದಿ ಝಲ್ ಅಂತದ.

ಪೀಣ್ಯ_ಹಳಬ

ಗಾಜಿನ ಟ್ಯೂಬ್ ಸುಮ್ಮನೆ ಇಟ್ರೂ ಹಾಳಾಗುತ್ತೆ, ಒಳಗಿನ ಅನಿಲ ನಿಧಾನವಾಗಿ ಕೆಡುತ್ತೆ. ಫೈಬರ್‌ಗೆ ಆ ಕಾಟ ಇಲ್ಲ. 20 ವ್ಯಾಟಿನದು ಗಾಳಿಯಲ್ಲೇ ತಣಿಯುತ್ತೆ, ನೀರು ಬೇಡ. ಬೆಳಕು ಹುಟ್ಟಿಸೋ ಭಾಗ, ಅಂದ್ರೆ ಸೋರ್ಸ್, ಒಂದು ಲಕ್ಷ ಗಂಟೆ ಬರುತ್ತೆ ಅಂತ ತಯಾರಕರು ಹೇಳ್ತಾರೆ. ಅಷ್ಟು ಗಂಟೆ ನಡೆಸಿ ನೋಡಿದವರನ್ನ ನಾನು ಕಂಡಿಲ್ಲ, ಅದು ಬೇರೆ ಮಾತು.

ಮೇಡಂ, ನಿಮ್ಮ ಕೆಲಸಕ್ಕೆ 20 ವ್ಯಾಟ್ ಫೈಬರ್ ಸಾಕು. ರೇಕಸ್, ಮ್ಯಾಕ್ಸ್, ಜೆಪಿಟಿ ಈ ಮೂರು ಕಂಪನಿಯ ಸೋರ್ಸ್ ಸಾಮಾನ್ಯವಾಗಿ ಸಿಗ್ತವೆ. ಸ್ಟೀಲ್ ಮೇಲೆ ಬಣ್ಣ ಬರಿಸಬೇಕು, ಅಲ್ಯುಮಿನಿಯಂ ಮೇಲೆ ಕಡುಕಪ್ಪು ಬೇಕು ಅಂದ್ರೆ ಮಾತ್ರ ಮೋಪಾ ಅನ್ನೋ ಇನ್ನೊಂದು ಜಾತಿಯ ಫೈಬರ್ ಸೋರ್ಸ್, ಅದರ ರೇಟು ಬೇರೆ. 110 ಗುಣಿಸು 110 ಮಿಲಿಮೀಟರ್ ಜಾಗದಲ್ಲಿ ಕೆತ್ತೋ ಲೆನ್ಸ್ ಮಶೀನ್ ಜೊತೆಗೇ ಬರುತ್ತೆ. ದೊಡ್ಡ ತಟ್ಟೆಯ ತುಂಬ ಡಿಸೈನ್ ಹಾಕೋ ಆಸೆ ಇದ್ರೆ 175ರ ಲೆನ್ಸ್ ಕೇಳಿ, ಆದ್ರೆ ಚುಕ್ಕೆ ದಪ್ಪ ಆಗಿ ಆಳ ಕಡಿಮೆ ಆಗುತ್ತೆ. ಡಬ್ಬಿ ಮೈ ಮೇಲೆ ಸಣ್ಣ ಹೆಸರಿಗೆ ರೋಟರಿ (ಪಾತ್ರೆ ತಿರುಗಿಸೋ ಸಾಧನ) ಬೇಡ. ಬಾಟಲಿ ಸುತ್ತ ಡಿಸೈನ್ ಹಾಕೋಕೆ ಬೇಕು.

ಧಾರವಾಡ_ಅಕ್ಷರ

ಕನ್ನಡ ಅಕ್ಷರದ ವಿಷಯ ಯಾರೂ ಎತ್ತಿಲ್ಲ, ಮಶೀನ್ ಬಂದ ಮೊದಲ ದಿನ ತಲೆ ಕೆಡಿಸೋದು ಅದೇ.

ನೀವು ಕೋರಲ್‌ನಲ್ಲಿ ನುಡಿ ಅಕ್ಷರ ಬಳಸ್ತೀರಿ ಅಂದುಕೊಂಡಿದ್ದೀನಿ. ಹಳೇ ನುಡಿ ಫಾಂಟಿನಲ್ಲಿ ಒಂದು ಅಕ್ಷರ ಅಂದ್ರೆ ಹಲವು ತುಂಡು. "ಮ" ಅನ್ನೋದೇ ಮೂರು ತುಂಡು: ಮೈ, ತಲೆಕಟ್ಟು, ಬಲಗಡೆಯ ಕೊಂಬು. ಕಾಗದದ ಮೇಲೆ ಪ್ರಿಂಟ್ ಹಾಕಿದ್ರೆ ತುಂಡಿನ ಮೇಲೆ ತುಂಡು ಕೂತು ಒಂದೇ ಅಕ್ಷರ ಕಾಣುತ್ತೆ. ಲೇಸರ್ ಸಾಫ್ಟ್‌ವೇರಿಗೆ ಅದನ್ನ ಕರ್ವ್ ಮಾಡಿ (ಅಕ್ಷರವನ್ನ ಬರಿ ಅಂಚುಗೆರೆಯಾಗಿಸಿ) ಕೊಟ್ಟು ಒಳಗೆ ತುಂಬು ಅಂದ್ರೆ, ಎರಡು ತುಂಡು ಒಂದರ ಮೇಲೊಂದು ಬಿದ್ದ ಜಾಗವನ್ನ ಅದು ಖಾಲಿ ಅಂತ ಲೆಕ್ಕ ಹಾಕುತ್ತೆ. ತಲೆಕಟ್ಟು ಮೈಗೆ ಸೇರೋ ಕಡೆ, ಕೊಂಬು ಅಂಟೋ ಕಡೆ ಅಕ್ಕಿಕಾಳಿನಷ್ಟು ಬಿಳಿ ತೂತು. ಇನ್ನೂರು ಡಬ್ಬಿ ಮೇಲೆ ಅದೇ ತೂತು.

ಪರಿಹಾರ ಸುಲಭ. ಕರ್ವ್ ಮಾಡೋಕೆ ಮುಂಚೆ ಕಂಟ್ರೋಲ್ ಕೆ ಒತ್ತಿ, ಪದ ಒಡೆದು ಒಂದೊಂದು ತುಂಡೂ ಬೇರೆ ಆಗೋವರೆಗೆ. ಆಮೇಲೆ ಎಲ್ಲ ಆಯ್ದು ವೆಲ್ಡ್ ಕೊಡಿ, ತುಂಡುಗಳು ಬೆಸೆದು ಒಂದೇ ಆಕಾರ ಆಗುತ್ತೆ. ಮೊದಲೇ ಕಂಟ್ರೋಲ್ ಕ್ಯೂ ಹೊಡೆದು ಕರ್ವ್ ಮಾಡಿ ಆಮೇಲೆ ಒಡೆಯೋಕೆ ಹೋದ್ರೆ "ರ", "ಠ" ಒಳಗಿನ ಸೊನ್ನೆ ಮುಚ್ಚಿಹೋಗುತ್ತೆ. ಯೂನಿಕೋಡಲ್ಲಿ ಇಂಕ್‌ಸ್ಕೇಪ್ ಬಳಸೋರು ಆಬ್ಜೆಕ್ಟ್ ಟು ಪಾತ್ ಮಾಡಿ ಯೂನಿಯನ್ ಕೊಟ್ರೆ ಆಯ್ತು. ಸಾಫ್ಟ್‌ವೇರ್ ಒಳಗೇ ನೇರವಾಗಿ ಕನ್ನಡ ಟೈಪ್ ಮಾಡೋ ಸಾಹಸ ಬೇಡ, ಒತ್ತಕ್ಷರ ಎಲ್ಲೋ ಹೋಗಿ ಕೂರುತ್ತೆ.

ಮರದಲ್ಲಿ ಅಕ್ಷರ ಕತ್ತರಿಸಿ ಅಂಟಿಸೋ ಬೋರ್ಡ್ ಇನ್ನೂ ಕಷ್ಟ. ಇಂಗ್ಲಿಷ್ ಅಕ್ಷರ ಒಂದೊಂದೇ ತುಂಡಾಗಿ ಬರುತ್ತೆ. "ಲಕ್ಷ್ಮೀ ನಿವಾಸ" ಕತ್ತರಿಸಿದ್ರೆ ಮಕಾರದ ಒತ್ತು ಬೇರೆ ತುಂಡಾಗಿ ಕೈಗೆ ಬರುತ್ತೆ. ಅದನ್ನ ಮೇಲಿನ ಅಕ್ಷರಕ್ಕೆ ಅಂಟೋ ಹಾಗೆ ಸ್ವಲ್ಪ ಮೇಲೆತ್ತಿ ವೆಲ್ಡ್ ಮಾಡಿ.

ದಾವಣಗೆರೆ_ಡಿಟಿಪಿ

ನುಡಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು. ಪ್ಲಾಟರಲ್ಲಿ ರೇಡಿಯಂ ಸ್ಟಿಕ್ಕರ್ ಕಟ್ ಮಾಡುವಾಗಲೂ ವೆಲ್ಡ್ ಮಾಡದೆ ಆಗಲ್ಲ. ಅಂದಹಾಗೆ ಆ ರೇಡಿಯಂ, ರೆಕ್ಸಿನ್ ಪರ್ಸ್ ಇವನ್ನೆಲ್ಲ ಲೇಸರಲ್ಲಿ ಮಾಡಬಹುದಾ?

ಕರಾವಳಿ_ಕೆತ್ತನೆ

ಬೇಡವೇ ಬೇಡ! ಸ್ಟಿಕ್ಕರ್ ವಿನೈಲ್, ಮಾಮೂಲಿ ರೆಕ್ಸಿನ್ ಎಲ್ಲ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಗಾಳಿಯ ತೇವಕ್ಕೆ ಸೇರಿದರೆ ಅದೇ ಆಸಿಡ್. ನಿಮ್ಮ ಶ್ವಾಸಕೋಶವೂ ಹೋಯಿತು, ಮಶೀನಿನ ರೈಲು ಬೇರಿಂಗ್ ತುಕ್ಕು ಹಿಡಿದು ಅದೂ ಹೋಯಿತು. ಪರ್ಸ್ ಚರ್ಮವೋ ರೆಕ್ಸಿನ್ನೋ ಗೊತ್ತಾಗದಿದ್ದರೆ ತಾಮ್ರದ ತಂತಿ ಕೆಂಪಗೆ ಕಾಯಿಸಿ ಅದರ ಮೂಲೆಗೆ ಒತ್ತಿ, ತಂತಿಯನ್ನು ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಎಂದರ್ಥ, ಮುಟ್ಟಬೇಡಿ. ಕಿಟಕಿ ತೆರೆದು ಮಾಡಿ ಇದನ್ನು.

ಕ್ರೋಮ್ ಹದ ಹಾಕಿದ ಚರ್ಮವೂ ಬೇಡ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಕೇಳಿ ತೆಗೆದುಕೊಳ್ಳಿ.

ಪೀಣ್ಯ_ಹಳಬ

ಕಣ್ಣಿನ ಬಗ್ಗೆ ನಾನು ಸೇರಿಸ್ತೀನಿ, ಫೈಬರ್ ಅಂತ ಹೇಳಿದ್ದು ನಾನೇ ಆದ್ದರಿಂದ. ನೀಲಿ ಲೇಸರ್ ಕಣ್ಣಿಗೆ ಕಾಣುತ್ತೆ, ಜನ ಹೆದರ್ತಾರೆ. 1064 ಕಾಣಲ್ಲ. ಆದ್ರೆ ಕಣ್ಣಿನ ಹಿಂದಿನ ಪರದೆವರೆಗೂ ನೇರ ಹೋಗುತ್ತೆ, ಹೊಳೆಯೋ ಸ್ಟೀಲ್ ತಟ್ಟೆಯಿಂದ ಚಿಮ್ಮಿ ಬಂದದ್ದೂ ಸಾಕು ಹಾಳುಮಾಡೋಕೆ. ಡಯೋಡ್ ಮಶೀನಿಗೆ ಕೊಡೋ ಕಿತ್ತಳೆ ಕನ್ನಡಕ ಇದಕ್ಕೆ ಉಪಯೋಗ ಇಲ್ಲ. ಕನ್ನಡಕದ ಮೇಲೆ 1064 ಅಂತ ಅಂಕಿ ಅಚ್ಚಾಗಿರಬೇಕು, ಜೊತೆಗೆ ಓಡಿ (ಬೆಳಕು ಎಷ್ಟು ತಡೆಯುತ್ತೆ ಅನ್ನೋ ಅಳತೆ) 6 ಅಥವಾ ಮೇಲೆ ಅಂತ ಇರಬೇಕು. ಅಂಗಡಿಯಲ್ಲಿ ಗಿರಾಕಿ, ಅವರ ಮಕ್ಕಳು ಎಲ್ಲ ನಿಂತಿರ್ತಾರೆ, ಅವರಿಗೆಲ್ಲ ಕನ್ನಡಕ ಕೊಡೋಕೆ ಆಗಲ್ಲ. ಅದಕ್ಕೇ ಮುಚ್ಚಿದ ಡಬ್ಬಿಯ ಮಾದರಿ ತಗೊಳ್ಳಿ, ಬಾಗಿಲು ತೆಗೆದ್ರೆ ತಾನೇ ನಿಲ್ಲೋದು. ಹತ್ತು ಸಾವಿರ ಹೆಚ್ಚಾದ್ರೂ ಸರಿ. ತೆರೆದ ಕಂಬದ ಮಾದರಿ ಫ್ಯಾಕ್ಟರಿಗೆ, ಗಿರಾಕಿ ಬರೋ ಅಂಗಡಿಗಲ್ಲ.

ತುಮಕೂರು_ಲೆಕ್ಕ

ದುಡ್ಡಿನ ಕಡೆಯಿಂದ ಎರಡು ಮಾತು. ಒಂದು ಲಕ್ಷ ಮೀರುತ್ತೆ ಅಂತ ಹಿಂಜರಿಯಬೇಡಿ. ಸಣ್ಣ ಉದ್ದಿಮೆಗೆ ಕೊಡೋ ಮುದ್ರಾ ಸಾಲದಲ್ಲಿ ಶಿಶು 50 ಸಾವಿರದವರೆಗೆ, ಕಿಶೋರ ಅದರ ಮೇಲೆ 5 ಲಕ್ಷದವರೆಗೆ, ಅಡಮಾನ ಕೇಳೋ ಹಾಗಿಲ್ಲ. ನಿಮಗೆ ಕಿಶೋರ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಮಶೀನಿನ ಕೊಟೇಶನ್, ಅಂಗಡಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ನಿಮ್ಮ ಖಾತೆ ಇರೋ ಶಾಖೆಗೇ ಹೋಗಿ. ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ದುಡ್ಡು ಕೇಳೋ ವೆಬ್‌ಸೈಟುಗಳು ಬೇಕಾದಷ್ಟಿವೆ, ಹುಷಾರು.

ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ಸಬ್ಸಿಡಿ ಕೊಡಿಸ್ತೀವಿ ಅಂತ ಯಾರಾದ್ರೂ ಏಜೆಂಟ್ ಬಂದ್ರೆ ನಂಬಬೇಡಿ. ಆ ಯೋಜನೆಯ ಮೊದಲ ಸಾಲ ಹೊಸದಾಗಿ ಶುರು ಮಾಡೋ ಘಟಕಕ್ಕೆ. ನಡೀತಿರೋ ಅಂಗಡಿಗಲ್ಲ.

ಮತ್ತೆ ಬಿಲ್. ಮಶೀನ್ ಮೇಲೆ ಶೇಕಡ 18 ಜಿಎಸ್‌ಟಿ ಇದೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿ ಮಾಮೂಲಿ ಸ್ಕೀಮಲ್ಲಿದ್ರೆ ಅದು ಕ್ರೆಡಿಟ್ ಸಿಗುತ್ತೆ, ಅಂದ್ರೆ ನೀವು ಕಟ್ಟೋ ತೆರಿಗೆಯಲ್ಲಿ ಕಳೀಬಹುದು; ಕಾಂಪೋಸಿಶನ್ನಲ್ಲಿದ್ರೆ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಸ್ಕೀಮ್) ಸಿಗಲ್ಲ. "ಬಿಲ್ ಇಲ್ದೆ ಕೊಡ್ತೀನಿ, ಕಡಿಮೆ ಆಗುತ್ತೆ" ಅನ್ನೋರ ಹತ್ರ ತಗೊಂಡ್ರೆ ಕ್ರೆಡಿಟ್ಟೂ ಇಲ್ಲ, ಸಾಲವೂ ಇಲ್ಲ, ವಾರಂಟಿಯೂ ಇಲ್ಲ.

ಕರಾವಳಿ_ಕೆತ್ತನೆ

ನಾನು ಡಯೋಡ್ ಅಂದಿದ್ದೆ. ಹತ್ತಕ್ಕೆ ಏಳು ಸ್ಟೀಲ್ ಎಂದ ಮೇಲೆ ಆ ಮಾತು ನಿಲ್ಲುವುದಿಲ್ಲ. ಆದರೆ ಸಾಲ ಮಾಡುವ ಮುಂಚೆ ಒಂದೆರಡು ಆರ್ಡರ್ ಹಿಡಿದು ಹೊರಗಡೆ ಜಾಬ್ ವರ್ಕ್ ಮಾಡಿಸಿ ನೋಡಿ. ನಿಮ್ಮ ಊರಲ್ಲೇ ಟ್ರೋಫಿ ಅಂಗಡಿಯಲ್ಲೋ ಟೂಲ್ ರೂಮಲ್ಲೋ ಫೈಬರ್ ಇದ್ದೇ ಇರುತ್ತದೆ. ಡಬ್ಬಿಗೆ ಗಿರಾಕಿ ಎಷ್ಟು ಕೊಡಲು ತಯಾರಿದ್ದಾರೆ ಎನ್ನುವುದು ಇಲ್ಲಿ ಕೂತ ನಮಗೆ ಯಾರಿಗೂ ಗೊತ್ತಿಲ್ಲ.

ದಾವಣಗೆರೆ_ಡಿಟಿಪಿ

ಇದು ಸರಿ ಅನ್ನಿಸ್ತು. ಮುಂದಿನ ತಿಂಗಳು ಎರಡು ಮದುವೆ ಆರ್ಡರ್ ಇದೆ, ಪತ್ರಿಕೆ ಜೊತೆ ಡಬ್ಬಿ ಸ್ಯಾಂಪಲ್ ತೋರಿಸಿ ಜಾಬ್ ವರ್ಕಿಗೆ ಕೊಡ್ತೀನಿ. ಅದು ನಡೆದ್ರೆ ಮುದ್ರಾ ಹಾಕಿ 20 ವ್ಯಾಟ್ ಫೈಬರ್, ಮುಚ್ಚಿದ ಮಾದರಿ. ಮರದ ಕೆಲಸ ಸದ್ಯಕ್ಕೆ ಬೇರೆಯವರ ಹತ್ರ ಮಾಡಿಸ್ತೀನಿ. ಡೆಮೊ ನೋಡೋಕೆ ಬೆಂಗಳೂರಿಗೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಪೀಣ್ಯ_ಹಳಬ

ಅವರ ಸ್ಯಾಂಪಲ್ ಪ್ಲೇಟ್ ಮೇಲೆ ಹಾಕಿ ತೋರಿಸಿದ್ದನ್ನ ನೋಡಬೇಡಿ, ಅದು ಯಾವಾಗಲೂ ಚೆನ್ನಾಗೇ ಇರುತ್ತೆ. ನಿಮ್ಮ ಗಿರಾಕಿ ಕೊಳ್ಳೋ ತೆಳು ಡಬ್ಬಿ, ತಟ್ಟೆ ಒಂದೊಂದು ಡಜನ್ ಚೀಲದಲ್ಲಿ ಹಾಕ್ಕೊಂಡು ಹೋಗಿ. ನಿಮ್ಮದೇ ಕನ್ನಡ ಫೈಲ್ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ ಅದನ್ನೇ ಹಾಕಿಸಿ. ನೂರು ಮಿಲಿಮೀಟರ್ ಚೌಕ ಒಂದು ಹಾಕಿಸಿ ಸ್ಕೇಲಲ್ಲಿ ಅಳೆಯಿರಿ, ಬದಿಗಳು ಬಿಲ್ಲಿನಂತೆ ಬಾಗಿದ್ರೆ ಕ್ಯಾಲಿಬ್ರೇಶನ್ ಮಾಡಿಲ್ಲ ಅಂತ ಅರ್ಥ. ಸೋರ್ಸಿನ ಸೀರಿಯಲ್ ನಂಬರ್ ಬಿಲ್ಲಲ್ಲಿ ಬರೆಸಿ. ಮಶೀನ್ ನಡೆಸೋ ಸಾಫ್ಟ್‌ವೇರ್ ಈಜಿಕ್ಯಾಡ್ ಜೊತೆಗೆ ಬರುತ್ತೆ, ಅದರ ಬದಲು ಲೈಟ್‌ಬರ್ನ್ ಬೇಕಂದ್ರೆ ಗ್ಯಾಲ್ವೋಗೆ ಆಗೋ ಲೈಸೆನ್ಸ್ ಕೊಳ್ಳಬೇಕು, ಮತ್ತು ಮಶೀನ್ ಒಳಗಿನ ಬೋರ್ಡ್ ಅದಕ್ಕೆ ಹೊಂದುತ್ತಾ ಅಂತ ಕೇಳಿ.

ಮನೆಗೆ ಬಂದು ಆ ಡಬ್ಬಿಗಳಿಗೆ ಹುಣಸೆಹಣ್ಣು ಹಚ್ಚಿ ಸ್ಟೀಲ್ ಜುಂಗಿನಲ್ಲಿ ತಿಕ್ಕಿ, ರಾತ್ರಿ ಒದ್ದೆಯಾಗೇ ಬಿಡಿ. ಆಳವಾಗಿ ಕೆತ್ತಿದ ಕಡೆ ಸ್ಟೀಲಿನ ಮೇಲ್ಪದರ ಹೋಗಿ ತುಕ್ಕು ಚುಕ್ಕೆ ಬರಬಹುದು. ಬಂದ್ರೆ ಪವರ್ ಇಳಿಸಿ ಬರಿ ಕಪ್ಪಾಗೋಷ್ಟು ಮಾತ್ರ ಹಾಕಬೇಕು. ಊಟದ ತಟ್ಟೆಗೆ ಒಳಗಡೆ ಹಾಕಲೇಬೇಡಿ, ತಳಕ್ಕೆ ಅಥವಾ ಅಂಚಿಗೆ.

ದಾವಣಗೆರೆ_ಡಿಟಿಪಿ

ತುಂಬ ಉಪಕಾರ ಆಯ್ತು ಸರ್. ಕೊನೇದು: ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತೆ. ಜನರೇಟರ್ ಏನಾದ್ರೂ ಬೇಕಾಗುತ್ತಾ?

ಪೀಣ್ಯ_ಹಳಬ

ಬೇಡ ಮೇಡಂ. 20 ವ್ಯಾಟ್ ಫೈಬರ್ ಎಳೆಯೋದು ಅರ್ಧ ಕಿಲೋವ್ಯಾಟಿನ ಆಚೀಚೆ. ಒಂದು ಕೆವಿಎ ಯುಪಿಎಸ್ ಇದ್ರೆ ಕೈಯಲ್ಲಿರೋ ಡಬ್ಬಿ ಮುಗಿಸಿ ಆಫ್ ಮಾಡಬಹುದು, ಕಂಪ್ಯೂಟರನ್ನೂ ಅದಕ್ಕೇ ಹಾಕಿ. ಎಲೆಕ್ಟ್ರಿಶಿಯನ್ ಕರೆಸಿ ಅಂಗಡಿಯ ಅರ್ಥಿಂಗ್ ಒಂದ್ಸಲ ಅಳೆಸಿಬಿಡಿ, ಹಳೇ ಕಾಂಪ್ಲೆಕ್ಸ್‌ಗಳಲ್ಲಿ ಮೂರನೇ ಪಿನ್ನಿಗೆ ವೈರೇ ಎಳೆದಿರಲ್ಲ.